ಕರೆಗಂಟೆ ಬಿಚ್ಚಿಟ್ಟ ಮನೆ

"ಅಲುಗಾಡ್ಬೇಡಿ ಮೇಡಂ! ಒಂಚೂರು ಅಲುಗಾಡಿದ್ರೂ ಹಿಡಿ ಕೂದಲು ಕೈಗೆ ಬರುತ್ತೆ!"

ಅವಳು ಉಸಿರು ಬಿಗಿಹಿಡಿದು ಕೂತಳು.

ಎದುರಿಗೆ ಗೋಡೆಯಗಲದ ಕನ್ನಡಿ. ಕನ್ನಡಿಯಲ್ಲಿ ಅವಮಾನದಿಂದ ಕೆಂಪಾದ ಅವಳ ಮುಖ, ಕಿವಿಯ ಪಕ್ಕ ಜೋತಾಡುತ್ತಿದ್ದ ಹೆಡ್‌ಫೋನ್, ಮತ್ತು ಬಾಚಣಿಗೆಯನ್ನು ಕಿವಿಗೆ ಸಿಕ್ಕಿಸಿಕೊಂಡು ನಿಂತಿದ್ದ ಒಬ್ಬ ಅಪರಿಚಿತ ಕ್ಷೌರಿಕ.

ಅವಳು ನೀರು ಸರಬರಾಜು ಕಚೇರಿಯ ದೂರು ವಿಭಾಗಕ್ಕೆ ಸೇರಿ ಆಗ ಎಂಟನೇ ದಿನ. ಬೆಳಗಿನಿಂದ ಸಂಜೆವರೆಗೆ ಹೆಡ್‌ಫೋನ್ ಹಾಕಿಕೊಂಡು 'ನಲ್ಲಿಯಲ್ಲಿ ನೀರಿಲ್ಲ', 'ನೀರಲ್ಲಿ ಮಣ್ಣು' ಎನ್ನುವ ಫೋನು ತೆಗೆದುಕೊಳ್ಳುವ ಕೆಲಸ. ಆ ಹೆಡ್‌ಫೋನಿನ ಸ್ಕ್ರೂ ಅವಳ ಕೂದಲನ್ನು ಸುತ್ತಿಕೊಂಡು ಎಳೆದಷ್ಟೂ ಗಂಟಾಗಿತ್ತು. ಬೇರೆ ದಾರಿ ಕಾಣದೆ, ತಂತಿ ನೇತಾಡಿಸಿಕೊಂಡೇ, ಕಚೇರಿಯ ಕೆಳಗಿದ್ದ ಗಂಡಸರ ಕ್ಷೌರದಂಗಡಿಗೆ ಇಳಿದು ಬಂದಿದ್ದಳು.

"ಕೂದಲು ನಿಮ್ಮದು, ತಂತಿ ಕಚೇರಿದು. ಯಾವುದನ್ನ ಕತ್ತರಿಸ್ಲಿ?"

"ಎರಡೂ ಬೇಕು ನಂಗೆ!"

"ಹಾಗಾದ್ರೆ ಮುಕ್ಕಾಲು ಗಂಟೆ ನನ್ನ ಬಾಯಿ ಸಹಿಸ್ಕೋಬೇಕು. ನನ್ನ ಕೈ ನಡೀಬೇಕು ಅಂದ್ರೆ ಬಾಯೂ ನಡೀಬೇಕು. ಹುಟ್ಟುಗುಣ!"

ಅವನು ಸಣ್ಣ ತಿರುಪುಳಿ ಹಿಡಿದು ಸ್ಕ್ರೂ ಬಿಚ್ಚತೊಡಗಿದ. ಮಾತೋ ಮಾತು... ಅರಳು ಹುರಿದ ಹಾಗೆ! ಒಂದೇ ಮೀಸೆಯನ್ನು ಎರಡು ಸಲ ಬೋಳಿಸಿಕೊಂಡು ಹೋದ ಮದುಮಗನ ಕಥೆ, ಕುರ್ಚಿಯಲ್ಲೇ ನಿದ್ದೆ ಹೋಗಿ ಕನಸಿನಲ್ಲಿ ಹೆಂಡತಿಯ ಕ್ಷಮೆ ಕೇಳಿದ ಪೊಲೀಸಿನವನ ಕಥೆ. ಕಣ್ಣು ಮಾತ್ರ ನೇರವಾಗಿ ಅವಳನ್ನು ನೋಡುತ್ತಿರಲಿಲ್ಲ. ಕನ್ನಡಿಯಲ್ಲಿ ನೋಡುತ್ತಿತ್ತು.

ಮುಕ್ಕಾಲು ಗಂಟೆಯ ನಂತರ ಹೆಡ್‌ಫೋನ್ ಅವಳ ಮಡಿಲಿಗೆ ಬಿತ್ತು. ಒಂದು ಕೂದಲೂ ತುಂಡಾಗಿರಲಿಲ್ಲ. ನಕ್ಕು ನಕ್ಕು ಅವಳ ಪಕ್ಕೆ ನೋಯುತ್ತಿತ್ತು.

'ಬೆಳಗಿಂದ ಎಂಬತ್ತು ಜನರ ಮಾತು ಕೇಳಿದ್ದೀನಿ... ಇವನೊಬ್ಬನ ಮಾತು ಮಾತ್ರ ಯಾಕೆ ಇನ್ನೂ ಕೇಳ್ತಾನೇ ಇರಬೇಕು ಅನ್ನಿಸ್ತಿದೆ?'

ಮರುವರ್ಷ ಅವರ ಮದುವೆಯಾಯಿತು.

*

ಇದೆಲ್ಲ ಹತ್ತು ವರ್ಷದ ಹಿಂದಿನ ಮಾತು.

ಈಗ ಬುಧವಾರದ ಸಂಜೆ ಏಳು ಗಂಟೆ. ಅವಳು ಮೂರನೇ ಮಹಡಿಯ ತನ್ನ ಮನೆಯ ಮುಂದೆ ನಿಂತಿದ್ದಾಳೆ. ಬಾಗಿಲ ಪಕ್ಕ, ಕರೆಗಂಟೆ ಇದ್ದ ಜಾಗದಲ್ಲಿ ನಾಲ್ಕು ತೂತುಗಳಷ್ಟೇ ಉಳಿದಿವೆ.

ಅದನ್ನು ಬಿಚ್ಚಿದವನು ಅವನೇ. ಒಂದು ದಿನ ಬಂದು ನೋಡುವಾಗ ಗಂಟೆ ಇರಲಿಲ್ಲ. "ಯಾಕ್ರೀ?" ಎಂದಿದ್ದಕ್ಕೆ "ನಿನ್ನ ಹತ್ರ ಕೀಲಿ ಇದೆಯಲ್ಲ" ಎಂದಿದ್ದ. ಅಷ್ಟೇ.

'ಮನೆಗೆ ಬರುವವಳಿಗೆ ಬಾಗಿಲು ತೆರೆಯೋಕೂ ಬೇಸರ ಬಂತಾ?' ಎಂಬ ಮುಳ್ಳು ಆವತ್ತೇ ಅವಳ ಎದೆಗೆ ಚುಚ್ಚಿತ್ತು.

ಒಳಗಿನಿಂದ ಪಿಸುಮಾತು. ಅಪ್ಪನದೂ, ಆರು ವರ್ಷದ ಮಗಳದೂ. ನಿಂತಲ್ಲಿ ನಿಲ್ಲದ ಆ ಮಗಳನ್ನು ಮನೆಯಲ್ಲಿ ಕರೆಯುತ್ತಿದ್ದುದೇ ಬುಗುರಿ ಎಂದು. ಏನಕ್ಕೋ ಇಬ್ಬರೂ ಕಿಸಕ್ಕನೆ ನಕ್ಕರು. ಅವಳು ಕೀಲಿ ತಿರುಗಿಸಿದಳು.

"ಶ್... ಅಮ್ಮ ಬಂದ್ಲು!"

ನಗು ದೀಪ ಆರಿಸಿದಂತೆ ನಿಂತಿತು.

ಬಾಗಿಲು ಸದ್ದಿಲ್ಲದೆ ತೆರೆದುಕೊಂಡಿತು. ಅಡುಗೆಮನೆಯಿಂದ ತಟ್ಟೆಯೊಂದಕ್ಕೊಂದು ತಾಗದ ಹಾಗೆ ಅವನು ಊಟ ತಂದಿಟ್ಟ. ಎಳೆದ ಕುರ್ಚಿಯೂ ಸದ್ದು ಮಾಡಲಿಲ್ಲ.

"ಇವತ್ತು ಅಂಗಡಿಯಲ್ಲಿ ಏನಾದ್ರೂ ವಿಶೇಷಾನಾ?" ಅವಳೇ ಕೇಳಿದಳು.

"ಏನಿಲ್ಲ."

"ಬುಗುರಿ ಸ್ಕೂಲಲ್ಲಿ?"

"ಚೆನ್ನಾಗಿತ್ತಂತೆ."

ಮುಗಿಯಿತು. ಗಡಿಯಾರದ ಟಿಕ್ ಟಿಕ್ ಕೂಡ ಇಲ್ಲ. ಅದನ್ನೂ ಅವನು ಎಂದೋ ಗೋಡೆಯಿಂದ ಇಳಿಸಿದ್ದ.

ಗಂಡ-ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಆದರೆ ಜಗಳವೇ ಇಲ್ಲದವರು ಏನು ಮಾಡಬೇಕು? ಅವನು ಕುಡಿಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಅವಳಿಗಿಂತ ಮೊದಲು ಬಂದು ಅಡುಗೆ ಮಾಡುತ್ತಿದ್ದ. ಯಾರ ಹತ್ತಿರ ಹೋಗಿ ಏನೆಂದು ದೂರುವುದು? 'ನನ್ನ ಗಂಡ ಮಾತಾಡೋದನ್ನ ಮರೆತಿದ್ದಾನೆ' ಅಂದರೆ 'ಪುಣ್ಯವಂತೆ' ಎಂದಾರು!

'ಮಾತಾಡಿ' ಎಂದು ಬಾಯಿಬಿಟ್ಟು ಕೇಳುವುದಕ್ಕೆ ಅಭಿಮಾನ ಅಡ್ಡ ಬರುತ್ತಿತ್ತು. ಕೇಳಿ ಪಡೆದ ಮಾತೂ ಒಂದು ಮಾತೇ?

ಅವಳ ಕೈಚೀಲದಲ್ಲಿ ಒಂದು ಕಾಗದವಿತ್ತು. ವರ್ಗಾವಣೆಯ ಅರ್ಜಿ. ಬಸ್ಸಿನಲ್ಲಿ ಒಂದು ಹಗಲು ದೂರದ, ಅವಳಕ್ಕ ಇರುವ ಊರಿನ ಕಚೇರಿಗೆ. ಶುಕ್ರವಾರ ಕೊನೆಯ ದಿನ.

"ಮಗೂನ ಕರ್ಕೊಂಡು ಬಂದ್ಬಿಡೇ," ಎಂದಿದ್ದಳು ಅಕ್ಕ ಫೋನಿನಲ್ಲಿ. "ಮೇಲಿನ ಕೋಣೆ ಖಾಲಿ ಇದೆ. ನಾಲ್ಕು ದಿನ ದೂರ ಇದ್ದು ನೋಡು. ಅವರಿಗೆ ನೀನು ಬೇಕಾದ್ರೆ ಹುಡುಕ್ಕೊಂಡು ಬರ್ತಾರೆ. ಬೇಡವಾದ್ರೆ... ಅದೂ ಗೊತ್ತಾಗುತ್ತೆ."

ಹೆಸರು, ಹುದ್ದೆ ಎಲ್ಲ ತುಂಬಿಯಾಗಿತ್ತು. ಸಹಿಯೊಂದು ಬಾಕಿ.

*

ಗುರುವಾರ ಅವಳು ಮಧ್ಯಾಹ್ನಕ್ಕೇ ರಜೆ ಹಾಕಿದಳು. ಅವನಿಗೆ ಹೇಳಿಯೇ ಸಹಿ ಹಾಕಬೇಕು. ಮನೆಯಲ್ಲಿ ಬುಗುರಿಯ ಮುಂದೆ ಬೇಡ, ಅಂಗಡಿಯಲ್ಲೇ ಹೇಳಿಬಿಡಬೇಕು ಎಂದುಕೊಂಡಳು.

ಅವಳ ಕಚೇರಿ ಊರಿನ ಇನ್ನೊಂದು ತುದಿಗೆ ಹೋಗಿ ಆರು ವರ್ಷವಾಗಿತ್ತು. ಅಂದಿನಿಂದ ಈ ಬೀದಿಗೆ ಬಂದದ್ದೇ ಅಪರೂಪ. ಅಂಗಡಿಯ ಅರ್ಧ ತೆರೆದ ಬಾಗಿಲ ಹತ್ತಿರ ಬಂದವಳು ಹಾಗೇ ನಿಂತುಬಿಟ್ಟಳು.

ಒಳಗಿನಿಂದ ಅವನ ದನಿ!

ಪಿಸುಮಾತಲ್ಲ... ಹಳೆಯ, ತುಂಬು ದನಿ. ಕತ್ತರಿಯ ಕಚಕಚ ತಾಳಕ್ಕೆ ಸರಿಯಾಗಿ ಮಾತು ಓಡುತ್ತಿತ್ತು. ಕುರ್ಚಿಯಲ್ಲಿದ್ದ ಯಾರೋ ಹೊಟ್ಟೆ ಹಿಡಿದು ನಗುತ್ತಿದ್ದರು.

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

'ಮಾತು ಮರೆತಿಲ್ಲ ಹಾಗಾದ್ರೆ... ಊರಿಗೆಲ್ಲ ಇದೆ. ನನಗೊಬ್ಬಳಿಗೆ ಮಾತ್ರ ಇಲ್ಲ!'

ಇದಕ್ಕಿಂತ ಅವನು ನಿಜವಾಗಿಯೂ ಮೂಕನಾಗಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಕಣ್ಣು ಮಂಜಾಯಿತು. ಹಿಂದಿರುಗಿ ಹೋಗಿಬಿಡಲೇ? ಸಹಿ ಹಾಕಲು ಇನ್ನೇನು ಬೇಕು?

ಅಷ್ಟರಲ್ಲಿ ಬಾಗಿಲು ಪೂರ್ತಿ ತೆರೆಯಿತು. ಹೊಸದಾಗಿ ಕತ್ತರಿಸಿದ ಬಿಳಿಗೂದಲು ಸವರಿಕೊಳ್ಳುತ್ತ ನಿವೃತ್ತ ಮೇಷ್ಟ್ರೊಬ್ಬರು ಹೊರಬಂದರು. ಅವಳನ್ನು ನೋಡಿ ಕನ್ನಡಕ ಸರಿಮಾಡಿಕೊಂಡರು.

"ಬಲಗೆನ್ನೇಲಿ ಮಚ್ಚೆ... ಓಹೋ! ನೀವೇ ಅಲ್ವೇನಮ್ಮಾ ಆ ನೀರಿನ ಕಚೇರಿಯವರು? ಎಡಗಾಲಿನ ಚಪ್ಪಲಿ ಸರಿಹೋಯ್ತಾ?"

ಅವಳು ತಬ್ಬಿಬ್ಬಾದಳು. "ನಿಮಗೆ... ನನ್ನ ಚಪ್ಪಲಿ..."

"ಮೊನ್ನೆ ಬಸ್ಸಿಳಿಯೋವಾಗ ಕಿತ್ತುಹೋಗಿ, ನೀವು ಒಂದು ಕಾಲಿಗೆ ಮಗಳಿಗೆ ಅಂತ ಕೊಂಡಿದ್ದ ರಬ್ಬರ್ ಚಪ್ಪಲಿ ತೂರಿಸ್ಕೊಂಡು ಮನೆಗೆ ಬಂದ್ರಂತಲ್ಲ! ಫೋನಲ್ಲಿ ಬೈದ ಅಜ್ಜನಿಗೆ ನೀವು ನಲ್ಲಿ ರಿಪೇರಿ ಮಾಡೋದು ಹೇಳ್ಕೊಟ್ಟು, ಕೊನೆಗೆ ಆತ ನಿಮ್ಮನ್ನೇ ಸೊಸೆ ಮಾಡ್ಕೋತೀನಿ ಅಂದಿದ್ದು... ನಮಗೆಲ್ಲ ಗೊತ್ತು ಕಣಮ್ಮಾ. ಈ ಕುರ್ಚಿ ಮೇಲೆ ಕೂತವರು ತಲೆ ಹಗುರ ಮಾಡ್ಕೊಂಡು, ನಿಮ್ಮ ಸುದ್ದಿ ತುಂಬ್ಕೊಂಡು ಹೋಗ್ತೀವಿ!"

ನಗುತ್ತ ಮೇಷ್ಟ್ರು ನಡೆದುಬಿಟ್ಟರು.

ಆ ಅಜ್ಜನ ವಿಷಯವನ್ನು ಅವಳು ಹೇಳಿದ್ದು ಫೋನಿನಲ್ಲಿ ಅಕ್ಕನಿಗೆ! ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದವನು ಅದನ್ನೂ ಕೇಳಿಸಿಕೊಂಡಿದ್ದನೇ?

ಒಳಗೆ ಅವನು ಬಟ್ಟೆ ಕೊಡವುತ್ತಿದ್ದ. ಅವಳನ್ನು ಕಂಡದ್ದೇ ಕೈ ನಿಂತಿತು. ಬಾಯಿಯೂ ನಿಂತಿತು.

"ನೀನಾ... ಹುಷಾರಿದ್ದೀಯ ತಾನೆ?" ದನಿ ಆಗಲೇ ಪಿಸುಮಾತಿಗೆ ಇಳಿದಿತ್ತು.

ಅವಳು ನೇರವಾಗಿ ಹೋಗಿ ಕುರ್ಚಿಯಲ್ಲಿ ಕೂತಳು. ಜಡೆ ಬಿಚ್ಚಿದಳು.

"ಕತ್ತರಿಸಿ."

"ಎಷ್ಟು?"

"ಗಿರಾಕಿಗೆ ಕೇಳೋ ಹಾಗೆ ಕೇಳಿ."

ಅವನು ಅವಳ ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿದ. ಬಾಚಣಿಗೆ ಹಿಡಿದು ಹಿಂದೆ ನಿಂತ. ಕನ್ನಡಿಯಲ್ಲಿ ಇಬ್ಬರ ಕಣ್ಣೂ ಸೇರಿದವು.

ಎಷ್ಟು ದಿನವಾಗಿತ್ತು ಹೀಗೆ ಅವನನ್ನು ನೋಡಿ! ಕಿವಿಯ ಹತ್ತಿರ ನಾಲ್ಕು ಬಿಳಿಗೂದಲು ಯಾವಾಗ ಬಂದವು?

"ಎಷ್ಟು... ಎಷ್ಟು ಕತ್ತರಿಸ್ಲಿ ಮೇಡಂ?"

"ಕುತ್ತಿಗೆಯವರೆಗೆ. ಹೊಸ ಊರಿಗೆ ಹೋಗ್ತಿದ್ದೀನಿ. ಅಲ್ಲಿ ಬಾಚೋಕೆ ಪುರುಸೊತ್ತಿರಲ್ಲ."

ಬಾಚಣಿಗೆ ನಡುದಾರಿಯಲ್ಲಿ ನಿಂತಿತು.

"ಯಾವ... ಹೊಸ ಊರು?"

ಅವಳು ಬಟ್ಟೆಯಡಿ ಮಡಿಲಲ್ಲಿದ್ದ ಕೈಚೀಲದಿಂದ ಕಾಗದ ತೆಗೆದು ಕತ್ತರಿಗಳ ಪಕ್ಕ ಇಟ್ಟಳು. ಅವನು ಓದಿದ. ಮತ್ತೊಮ್ಮೆ ಓದಿದ. ಮುಖ ಬಿಳಿಚಿಕೊಂಡಿತು. ಆದರೂ... ಒಂದು ಮಾತೂ ಇಲ್ಲ!

ಅವಳ ತಾಳ್ಮೆಯ ಕಟ್ಟೆ ಒಡೆಯಿತು.

"ಈಗಲೂ ಮಾತಾಡಲ್ವಾ?! ದಾರೀಲಿ ಹೋಗೋರಿಗೆಲ್ಲ ನನ್ನ ಚಪ್ಪಲಿ ಕಥೆ ಹೇಳ್ತೀರಿ, ನನ್ನ ಮುಂದೆ ಕಲ್ಲು ನುಂಗಿದವರ ಹಾಗೆ ಇರ್ತೀರಿ! ಮೂರು ವರ್ಷ ಆಯ್ತು ರೀ... ನಾನೇನು ತಪ್ಪು ಮಾಡ್ದೆ? ಗಂಟೆ ಬಿಚ್ಚಿಟ್ರಿ, ಗಡಿಯಾರ ಇಳಿಸಿದ್ರಿ, ಮಗೂಗೂ ಪಿಸುಗುಟ್ಟೋದು ಕಲಿಸಿದ್ರಿ. ನಾನು ಮನೆಗೆ ಬಂದ್ರೆ ನಗು ನಿಲ್ಲುತ್ತೆ. ನಾನೇನು ಯಮನಾ?"

ಅವನು ಅವಳ ಕೂದಲಿಗೆ ಮೆಲ್ಲನೆ ಬಾಚಣಿಗೆ ಇಳಿಸಿದ. ಒಮ್ಮೆ. ಮತ್ತೊಮ್ಮೆ. ಕೈ ನಡೆದ ಮೇಲೆಯೇ ಅವನ ಬಾಯಿ ತೆರೆಯಿತು.

"ನೀನೇ ಹೇಳಿದ್ಯಲ್ಲ..."

"ನಾನಾ? ಏನು?"

"ದೊಡ್ಡ ಪೈಪ್ ಒಡೆದ ದಿನ. ಅರ್ಧ ಊರಿಗೆ ನೀರಿರಲಿಲ್ಲ. ನೀನು ಮುನ್ನೂರು ಫೋನ್ ತಗೊಂಡು ಮನೆಗೆ ಬಂದಿದ್ದೆ. ನಾನು ಬಾಗಿಲಲ್ಲೇ ಏನೋ ತಮಾಷೆ ಶುರು ಮಾಡ್ದೆ. ನೀನು ಎರಡೂ ಕಿವಿ ಮುಚ್ಕೊಂಡು ನೆಲದ ಮೇಲೆ ಕೂತ್ಬಿಟ್ಟೆ. 'ಕೈಮುಗೀತೀನಿ ರೀ, ಈ ಮನೇಲಾದ್ರೂ ನಂಗೆ ಒಂದು ಸದ್ದೂ ಕೇಳಿಸ್ಬಾರ್ದು' ಅಂದೆ..."

ಅವಳು ನೆನಪಿಸಿಕೊಳ್ಳಲು ನೋಡಿದಳು. ಪೈಪ್ ಒಡೆದದ್ದು ನೆನಪಿತ್ತು. ಗಂಟಲು ಒಣಗಿದ್ದು ನೆನಪಿತ್ತು. ಆದರೆ ಆ ಮಾತು... ದೇವರೇ! ಬೆಳಗಾಗುವುದರೊಳಗೆ ಅವಳು ಮರೆತುಬಿಟ್ಟಿದ್ದಳು.

"ಮಾರನೇ ದಿನ ನಾನು ಮಾತಾಡ್ಲಿಲ್ಲ. ನೀನು ಬಂದು ಸೋಫಾಗೆ ಒರಗಿ ಕಣ್ಣು ಮುಚ್ಚಿದೆ. ನಿನ್ನ ಮುಖದಲ್ಲಿ ಎಂಥಾ ನೆಮ್ಮದಿ ಗೊತ್ತಾ? ಆಗ ಅಂದ್ಕೊಂಡೆ, ನನ್ನ ಕೈಲಿ ಬೇರೇನೂ ಕೊಡೋಕಾಗಲ್ಲ... ಸದ್ದಿಲ್ಲದ ಮನೆಯನ್ನಾದ್ರೂ ಕೊಡೋಣ ಅಂತ."

ಅವನು ನೀರಿನ ಬಾಟಲಿ ಎತ್ತಿ ಅವಳ ಕೂದಲಿಗೆ ಹನಿ ಸಿಂಪಡಿಸಿದ. ಕೈ ನಿಲ್ಲಲಿಲ್ಲ.

"ಗಂಟೆ ಹೊಡೆದಾಗೆಲ್ಲ ನೀನು ಬೆಚ್ಚಿಬೀಳ್ತಿದ್ದೆ, ಫೋನ್ ಬಂತೇನೋ ಅಂತ. ಬಿಚ್ಚಿಟ್ಟೆ. ಬಾಗಿಲಿಗೆ ವಾರಕ್ಕೊಂದು ಸಲ ಎಣ್ಣೆ ಹಾಕ್ತೀನಿ. ಕುರ್ಚಿ ಕಾಲಿಗೆ ಹಳೇ ಟವೆಲ್ ಕತ್ತರಿಸಿ ಅಂಟಿಸಿದೀನಿ. ನೋಡಿಲ್ವಾ? ಕೆಟಲ್ ಶಿಳ್ಳೆ ಹೊಡೆಯೋ ಮುಂಚೆ ಇಳಿಸೋಕೆ ಅದರ ಮುಂದೆನೇ ನಿಂತಿರ್ತೀನಿ. ಬುಗುರಿಗೆ ಹೇಳಿದೀನಿ... 'ಅಮ್ಮನ ಕಿವಿ ಇಡೀ ದಿನ ದುಡಿದು ಬಂದಿರುತ್ತೆ, ಅದಕ್ಕೂ ರಜೆ ಬೇಕು' ಅಂತ."

ಅವಳ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳೋಣವೆಂದರೆ ಕೈ ಬಟ್ಟೆಯೊಳಗೆ ಸಿಕ್ಕಿತ್ತು.

ಮೂರು ವರ್ಷ! ಅರಳು ಹುರಿದಂತೆ ಮಾತಾಡುವ ಮನುಷ್ಯ, ಮೂರು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಕೆಟಲ್ ಮುಂದೆ ಕಾವಲು ನಿಂತಿದ್ದ... ಅವಳಿಗಾಗಿ! ಅವಳು ಆ ಒಂದೊಂದು ಉಡುಗೊರೆಯನ್ನೂ ಎಣಿಸಿ ಎಣಿಸಿ, ಅವನಿಗೆ ತಾನು ಬೇಡವಾದ ಗುರುತೆಂದು ಎದೆಯಲ್ಲಿ ಜೋಡಿಸಿಟ್ಟಿದ್ದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿದವಳು ಮರೆತಿದ್ದಳು. ಕೇಳಿದವನು ಹೊತ್ತು ತಿರುಗಿದ್ದ.

"ಒಂದೇ ಒಂದು ಸಲ ಕೇಳ್ಬಾರ್ದಿತ್ತಾ ರೀ? 'ಈಗ ಮಾತಾಡ್ಲಾ' ಅಂತ?"

"ಭಯ..." ಅವನು ಕನ್ನಡಿಯಲ್ಲಿ ಕಣ್ಣು ತಗ್ಗಿಸಿದ. "ನನ್ನ ಮಾತೂ ನಿಂಗೆ ದೂರಿನ ಫೋನ್ ಥರ ಆಗ್ಹೋಗಿದೆ ಅಂದ್ಕೊಂಡೆ. ನೀನು 'ವಿಶೇಷಾನಾ' ಅಂತ ಕೇಳೋದು ಕೂಡ ಕಚೇರಿ ಅಭ್ಯಾಸ ಅಂದ್ಕೊಂಡೆ. ಆದ್ರೆ ನಿನ್ನ ಬಗ್ಗೆ ಯಾರಿಗಾದ್ರೂ ಹೇಳ್ಬೇಕಲ್ಲ! ಇಲ್ಲಾಂದ್ರೆ ಹೊಟ್ಟೆ ಉಬ್ಬರಿಸಿ ಸತ್ತೋಗ್ತೀನಿ. ಅದಕ್ಕೇ ಕುರ್ಚಿ ಮೇಲೆ ಕೂತವರಿಗೆಲ್ಲ..."

ಅಳುತ್ತಿದ್ದವಳಿಗೆ ನಗು ಒತ್ತರಿಸಿ ಬಂತು.

"ನಂಗೂ ಒಂದು ಹೇಳೋದಿದೆ," ಎಂದಳು. "ಮೊದಮೊದಲು ಆ ಮೌನ ನಂಗೆ ನಿಜವಾಗ್ಲೂ ಬೇಕಿತ್ತು. ಅದಿಲ್ಲದಿದ್ರೆ ಈ ಕೆಲಸ ಎಂದೋ ಬಿಡ್ತಿದ್ದೆ. ಅದನ್ನ ಕೊಟ್ಟಿದ್ದು ನೀವು ಅಂತ ಗೊತ್ತೇ ಇರಲಿಲ್ಲ. ಮನೆ ಹಾಗೇ ಇರುತ್ತೆ ಅಂದ್ಕೊಂಡಿದ್ದೆ. ನಾನು ಒಂದು ದಿನಾನೂ... ಥ್ಯಾಂಕ್ಸ್ ಅನ್ಲಿಲ್ಲ ರೀ."

"ಅಡುಗೆ ಚೆನ್ನಾಗಿದೆ ಅಂತಾನೂ ಅಂದಿಲ್ಲ."

"ಅದು ಚೆನ್ನಾಗಿರಲ್ಲ, ಅದಕ್ಕೆ!"

ಅವನು ಗೊಳ್ಳೆಂದು ನಕ್ಕ. ಆ ನಗು! ಹತ್ತು ವರ್ಷದ ಹಿಂದೆ ಇದೇ ಕುರ್ಚಿಯಲ್ಲಿ ಅವಳು ಕೇಳಿದ್ದ ಅದೇ ನಗು.

ಅದೇ ಹೊತ್ತಿಗೆ ಶಾಲೆಯ ವ್ಯಾನು ಹೊರಗೆ ನಿಂತಿತು. "ಅಪ್ಪಾ! ಇವತ್ತು ನಮ್ಮ ಮಿಸ್ಸು—" ಎಂದು ಕೂಗುತ್ತ ನುಗ್ಗಿದ ಬುಗುರಿ, ಕುರ್ಚಿಯಲ್ಲಿ ಅಮ್ಮನನ್ನು ಕಂಡು ಗಕ್ಕನೆ ನಿಂತಳು. ಪುಟ್ಟ ಬೆರಳು ತಾನಾಗಿ ತುಟಿಗೆ ಹೋಯಿತು. ತುದಿಗಾಲಿನಲ್ಲಿ ಹತ್ತಿರ ಬಂದು ಅಪ್ಪನ ಕಿವಿಯಲ್ಲಿ ಪಿಸುಗುಟ್ಟಿದಳು.

"ಅಮ್ಮನ ಕಿವಿಗೆ ಇವತ್ತು ಬೇಗ ರಜೆನಾ?"

ಅವಳು ಬಟ್ಟೆಯ ಸಮೇತ ಎದ್ದು ಮಗಳನ್ನು ಬಾಚಿ ಅಪ್ಪಿಕೊಂಡಳು.

"ರಜೆ ಮುಗೀತು ಕಂದಾ. ಮಿಸ್ಸು ಏನ್ಮಾಡಿದ್ರು? ಜೋರಾಗಿ ಹೇಳು!"

ಬುಗುರಿ ಅಪ್ಪನತ್ತ ನೋಡಿದಳು. ಅವನು ತಲೆಯಾಡಿಸಿದ. ಮುಂದಿನ ಐದು ನಿಮಿಷ ಮಿಸ್ಸು ಚೇರಿನಿಂದ ಜಾರಿಬಿದ್ದ ಕಥೆಗೆ ಆ ಅಂಗಡಿಯ ಗಾಜೆಲ್ಲ ಅದುರಿತು. ಅಪ್ಪನ ಮಗಳೇ ಸರಿ!

"ಹಾಗಾದ್ರೆ... ಕುತ್ತಿಗೆಯವರೆಗೆ ಕತ್ತರಿಸ್ಬೇಕಾ ಮೇಡಂ?" ಅವನು ಕನ್ನಡಿಯಲ್ಲಿ ಕೇಳಿದ. ಕಣ್ಣು ಮಾತ್ರ ಕತ್ತರಿಗಳ ಪಕ್ಕದ ಕಾಗದದ ಮೇಲಿತ್ತು.

ಅವಳು ಆ ಕಾಗದ ಎತ್ತಿಕೊಂಡು, ಎರಡು ಮಡಿಕೆ ಮಡಿಸಿ ಅವನ ಕೈಗಿಟ್ಟಳು.

"ಗಡ್ಡ ಬೋಳಿಸೋವಾಗ ಕತ್ತಿಯ ನೊರೆ ಒರೆಸೋಕೆ ಕಾಗದ ಬೇಕಲ್ವಾ ನಿಮಗೆ? ಇಟ್ಕೊಳ್ಳಿ. ಕೂದಲ ತುದಿ ಮಾತ್ರ ಕತ್ತರಿಸಿ. ನಿಧಾನಕ್ಕೆ. ಮೂರು ವರ್ಷದ್ದು ಬಾಕಿ ಇದೆ, ಎಲ್ಲ ಹೇಳ್ಬೇಕು ನೀವು."

*

ಶುಕ್ರವಾರ ಅಕ್ಕನಿಗೆ ಫೋನ್ ಮಾಡಿದಳು. "ಮೇಲಿನ ಕೋಣೆ ಯಾರಿಗಾದ್ರೂ ಕೊಡು ಅಕ್ಕ."

"ಏನಾಯ್ತೇ? ಹುಡುಕ್ಕೊಂಡು ಬಂದ್ರಾ?"

"ಇಲ್ಲ. ನಾನೇ ಹುಡುಕ್ಕೊಂಡು ಹೋದೆ. ಅಲ್ಲೇ ಇದ್ರು."

ಅಂದಿನಿಂದ ಆ ಮನೆಯಲ್ಲಿ ದೊಡ್ಡ ಬದಲಾವಣೆಯೇನೂ ಆಗಲಿಲ್ಲ. ಅವಳು ಬಂದ ಮೇಲೆ ಅರ್ಧ ಗಂಟೆ ಈಗಲೂ ಸದ್ದಿಲ್ಲ. ಆ ಅರ್ಧ ಗಂಟೆ ತನಗೆ ಬೇಕೇ ಬೇಕು ಎಂದು ಅವಳೇ ಹೇಳಿದ್ದಾಳೆ, ಪ್ರತಿದಿನ ಅದಕ್ಕೊಂದು ಥ್ಯಾಂಕ್ಸ್ ಕೂಡ. ಆಮೇಲೆ ಅವನು ಪಾತ್ರೆ ತೊಳೆಯಲು ನಿಲ್ಲುತ್ತಾನೆ, ಅವಳು ಪಕ್ಕದಲ್ಲಿ ಒರೆಸುತ್ತಾಳೆ. ನಲ್ಲಿಯ ಮೇಲೆ ಅಂಗಡಿಯ ಒಂದು ಹಳೆಯ ಕನ್ನಡಿ ತೂಗುಹಾಕಿದ್ದಾರೆ. ಕೈ ಒದ್ದೆ, ಕಣ್ಣು ಕನ್ನಡಿಯಲ್ಲಿ. ಇನ್ನವನ ಬಾಯಿಗೆ ತಡೆಯೆಲ್ಲಿ! ಅವನು ದಿನದ ಕಥೆ ಹೇಳುತ್ತಾನೆ, ಅವಳು ದಿನದ ಅತಿ ಕೆಟ್ಟ ದೂರನ್ನು ಅಣಕಿಸಿ ತೋರಿಸುತ್ತಾಳೆ. ಕೆಲವು ದಿನ ಇಬ್ಬರಿಗೂ ಸುಸ್ತು, ಮಾತಿರುವುದಿಲ್ಲ. ಆದರೆ ಈಗ "ಇವತ್ತು ಸುಸ್ತು" ಎಂದು ಬಾಯಿಬಿಟ್ಟು ಹೇಳಿಯೇ ಸುಮ್ಮನಾಗುತ್ತಾರೆ.

ಇವತ್ತು ಸಂಜೆ ಏಳಕ್ಕೆ ಅವಳು ಮೂರನೇ ಮಹಡಿ ಹತ್ತಿ ಬಂದಾಗ, ಬಾಗಿಲ ಪಕ್ಕ ಆ ನಾಲ್ಕು ತೂತುಗಳಿರಲಿಲ್ಲ.

ಕರೆಗಂಟೆ! ಅದೇ ಹಳೆಯದು, ಒರೆಸಿ ಫಳಫಳ ಹೊಳೆಯುವ ಹಾಗೆ ಮಾಡಿ ಮತ್ತೆ ಕೂರಿಸಿದ್ದ.

ಅವಳ ಕೈಯಲ್ಲಿ ಕೀಲಿ ಇತ್ತು. ಕೀಲಿಯನ್ನು ಚೀಲಕ್ಕೆ ಹಾಕಿ ಗಂಟೆ ಒತ್ತಿದಳು. ಒಳಗೆ ಎರಡು ಜೊತೆ ಕಾಲು ದಡಬಡನೆ ಓಡಿಬಂದವು.

"ಯಾರದು?" ಬಾಗಿಲ ಹಿಂದೆ ಅವನ ದನಿ. ಪಕ್ಕದಲ್ಲಿ ಬುಗುರಿಯ ಕಿಸಿಕಿಸಿ.

"ಒಂದು ದೂರು ಕೊಡೋದಿತ್ತು."

"ಹೇಳಿ ಮೇಡಂ, ಏನು ತೊಂದರೆ?"

"ಮನೇಲಿ ಮಾತಿನ ಸರಬರಾಜು ಮೂರು ವರ್ಷ ನಿಂತಿತ್ತು. ಈಗ ಬರ್ತಿದೆ... ಆದ್ರೆ ಸಾಲ್ತಿಲ್ಲ."

ಬಾಗಿಲ ಹಿಂದೆ ಕಾಗದದ ಸರಸರ ಸದ್ದು.

"ದೂರು ಬರ್ಕೊಂಡಿದೀನಿ ಮೇಡಂ. ಆದ್ರೆ ನಮ್ಮಲ್ಲಿ ಕೆಲಸಕ್ಕೆ ಇರೋದು ಒಬ್ಬನೇ ಮನುಷ್ಯ. ಸರಿಹೋಗೋಕೆ ಒಂದು ಜನ್ಮ ಹಿಡೀಬಹುದು. ಕಾಯ್ತೀರಾ?"

ಅವಳು ಬಾಗಿಲಿಗೆ ಹಣೆ ಒತ್ತಿ ನಕ್ಕಳು.

"ಕಾಯ್ತೀನಿ ರೀ. ಮೊದಲು ಬಾಗಿಲು ತೆಗೀರಿ."